ಕೈಗುರುತು

ನಮ್ಮ ಕಡೆ ಕೈಗೆ ಚಿಪ್ಪು ಕೊಟ್ಟರು ಅಂದರೆ
ಮೋಸ ಮಾಡಿದರು ಅಂತ ಅರ್ಥ.
ನಾನು ಆರು ವರ್ಷದಿಂದ ಕಡಲಾಚೆಯವರಿಗೆ
ಚಿಪ್ಪು ಕೊಡುತ್ತಿದ್ದೇನೆ,
ರಟ್ಟಿನ ಡಬ್ಬಿಗೆ ನಲವತ್ತೆಂಟರಂತೆ,
ಬಿಲ್ಲು ಸಮೇತ.

ಅರಸೀಕೆರೆ. ರೈಲ್ವೆ ಗೇಟು ದಾಟಿ ಎಡಕ್ಕೆ
ಹಿಂದೆ ಅವಲಕ್ಕಿ ಮಿಲ್ಲಾಗಿದ್ದ ಶೆಡ್ಡು.
ಮರುಳಸಿದ್ದಪ್ಪನವರ ಯೂನಿಟ್ಟು.
ಹನ್ನೊಂದು ಹೆಂಗಸರು, ಲೆಕ್ಕಕ್ಕೆ ನಾನು,
ಇಲಿಗಳ ಲೆಕ್ಕಕ್ಕೆ ಒಂದು ಬೆಕ್ಕು.

ಕಣ್ಣಿರುವ ಹೋಳು ನಮಗೆ ಬೇಡ, ಸೋರುತ್ತದೆ.
ಅದು ಇದ್ದಿಲಿಗೆ.
ಕುರುಡು ಹೋಳೇ ಕಡಲು ದಾಟುವುದು.

ದಿಲ್‌ಶಾದ್ ಕೂರುವುದು ಕಿಟಕಿಯ ಪಕ್ಕ.
ನಾರು ಕೆರೆದು, ಅರ ಹಾಕಿ,
ಎಂಬತ್ತರ ಉಪ್ಪುಕಾಗದ, ಆಮೇಲೆ ನೂರಿಪ್ಪತ್ತರದು, ನಾನೂರರದು,
ಕೊನೆಗೆ ಹಳೆ ದುಪಟ್ಟದ ತುಂಡಿನಲ್ಲಿ ಕೊಬ್ಬರಿ ಎಣ್ಣೆ.
ಅವಳ ಚಿಪ್ಪಿನಲ್ಲಿ ಮೇಲಿನ ಬಲ್ಬು ಕಾಣುತ್ತದೆ,
ಬಲ್ಬಿನೊಳಗಿನ ತಂತಿ ಕಾಣುತ್ತದೆ.
ಹನ್ನೆರಡು ವರ್ಷ ಅವಳು ಕಲಿತದ್ದು ಒಂದೇ:
ಮುಟ್ಟಿದ್ದು ಗೊತ್ತಾಗದ ಹಾಗೆ
ಮುಟ್ಟುವುದು.

ಕಾರ್ತಿಕದಲ್ಲಿ ರಾಟರ್‌ಡ್ಯಾಮಿನಿಂದ ಮೇಲ್ ಬಂತು.
ಓದಿ ಹೇಳಿದವಳು ನಾನೇ.
'ಸರಕು ತಲುಪಿತು, ವಂದನೆ.
ಆದರೆ ಇವು ತೀರಾ ನುಣುಪು,
ಯಂತ್ರದಲ್ಲಿ ಮಾಡಿದಂತಿವೆ ಎಂದು ಗಿರಾಕಿಗಳ ದೂರು.
ಮುಂದಿನ ಸಲ ದಯವಿಟ್ಟು
ಕೈಯ ಗುರುತು ಕಾಣಲಿ.'

ಸ್ವಲ್ಪ ಹೊತ್ತು ಯಾರೂ ಉಜ್ಜಲಿಲ್ಲ.
'ಯಂತ್ರ ಅಂದ್ರೆ ನಾನಾ?' ಅಂದಳು ದಿಲ್‌ಶಾದ್.
'ಕರೆಂಟು ಬಿಲ್ಲು ಬರುತ್ತೆ ನೋಡು ಇನ್ಮೇಲೆ ನಿನಗೆ'
ಅಂತ ಚಿಕ್ಕಹೊನ್ನಮ್ಮ ನಕ್ಕಳು.
ಅವಳೊಬ್ಬಳೇ ನಕ್ಕದ್ದು.

ಸರಿ, ಗುರುತು ಬಿಡೋಣ ಎಂದಾಯಿತು.
ಅಂಚಿನಿಂದ ಎರಡು ಬೆರಳು ಕೆಳಗೆ
ಅರದ ಮೂರು ಗೀರು.
ಇನ್ನೂರು ಚಿಪ್ಪು, ಇನ್ನೂರಕ್ಕೂ ಅದೇ ಜಾಗ, ಅದೇ ಆಳ,
ಹಣೆಗೆ ಎಳೆದ ವಿಭೂತಿಯ ಹಾಗೆ.
ಸ್ಯಾಂಪಲ್ಲು ಹೋಯಿತು. ಜವಾಬು ಬಂತು:
'ಗುರುತುಗಳೂ ಯಂತ್ರದಂತಿವೆ.'

ಮರುಳಸಿದ್ದಪ್ಪನವರು ಲೆಕ್ಕ ಹಾಕಿದರು.
ಬಾಣಾವರದಿಂದ ಹೊಸ ಹುಡುಗಿಯರನ್ನು ತರೋಣ,
ಏನೂ ಬಾರದವರನ್ನು.
ಇವಳಿಗೆ ಒಂದಕ್ಕೆ ಒಂಬತ್ತು, ಅವರಿಗೆ ಐದು ಸಾಕು.
ಕೂಲಿ ಕಮ್ಮಿ, ಗುರುತು ಜಾಸ್ತಿ.

ಎಂದೂ ಎದುರಾಡದ ದಿಲ್‌ಶಾದ್
ಅಂದೂ ಎದುರಾಡಲಿಲ್ಲ.
ಎದ್ದುಹೋಗಿ ಒಂದು ಲೋಟ ನೀರು ಕುಡಿದು ಬಂದು
ಅರವನ್ನು ಎಡಗೈಗೆ ದಾಟಿಸಿದಳು.

ಆ ಎಡಗೈ!
ಅನ್ನ ಕಲಸಿದ್ದಲ್ಲ, ಮೆಹಂದಿ ಎಳೆದದ್ದಲ್ಲ,
ಹನ್ನೆರಡು ವರ್ಷ ಚಿಪ್ಪು ಅಲುಗದಂತೆ ಹಿಡಿದುಕೊಂಡದ್ದು ಅಷ್ಟೇ.
ಈಗ ಜಾರಿತು, ಹೆದರಿತು,
ಒಂದು ಕಡೆ ಕಚ್ಚಿ ಇನ್ನೊಂದು ಕಡೆ ಬರೀ ಸವರಿತು.
ಬಲಗೈ ಹೆಬ್ಬೆರಳ ಬುಡ ಕೊಯ್ದು
ಒಂದು ಹನಿ ರಕ್ತವನ್ನು ಕರಟ ಹೀರಿತು.
ಅದನ್ನು ಪಕ್ಕಕ್ಕಿಡು ಎಂದೆ.
'ಕೈಗುರುತು ತಾನೆ ಅವರು ಕೇಳಿದ್ದು?'
ಡಬ್ಬಿಗೆ ತಾನೇ ಹಾಕಿದಳು.

ಹೊಗೆ ಹಾಕಿಸಿ ಪಡೆದ ಸರ್ಟಿಫಿಕೇಟಿನಲ್ಲಿ
ಹುಳ ಇಲ್ಲ, ಬೀಜ ಇಲ್ಲ, ಮಣ್ಣು ಇಲ್ಲ ಎಂದಿತ್ತು.
ರಕ್ತದ ಕಾಲಮ್ಮು ಇರಲಿಲ್ಲ.
ಮಂಗಳೂರಿನ ಲಾರಿ ಹತ್ತಿತು.
'ಅದ್ಭುತ' ಎಂದು ಬಂತು ಉತ್ತರ,
ಆರ್ಡರು ಎರಡು ಪಟ್ಟು.

ಈಗ ಡಬ್ಬಿ ಡಬ್ಬಿಗೂ 'ಕೈಯಿಂದಲೇ ಮಾಡಿದ್ದು'
ಎಂಬ ಚೀಟಿ ಅಂಟಿಸುತ್ತೇನೆ.
ಶಿವಕಾಶಿಯಲ್ಲಿ ಅಚ್ಚಾದ ಐದು ಸಾವಿರ ಚೀಟಿ,
ಕೂದಲೆಳೆಯ ವ್ಯತ್ಯಾಸವಿಲ್ಲ.
ಅದರ ಬಗ್ಗೆ ಯಾರದೂ ದೂರಿಲ್ಲ.

ಯುಗಾದಿ ಹತ್ತಿರ ಬಂತು.
ಎಡಗೈ ಕಲಿಯುತ್ತಿದೆ.
ಗೀರುಗಳು ಮೆಲ್ಲಗೆ ಸಾಲಿಗೆ ಬರುತ್ತಿರುವುದನ್ನು
ಅವಳೂ ಕಂಡಿದ್ದಾಳೆ, ನಾನೂ ಕಂಡಿದ್ದೇನೆ,
ಇಬ್ಬರೂ ಹೇಳಿಲ್ಲ.

ಸಂಜೆ ಎಲ್ಲರೂ ಪೊರಕೆ ಹಿಡಿದಾಗ
ಅವಳು ಬಲಗೈಗೆ ಒಂದು ಚಿಪ್ಪು ಕೊಡುತ್ತಾಳೆ.
ಆರ್ಡರಿಲ್ಲದ್ದು, ಬೆಲೆಯಿಲ್ಲದ್ದು.
ಉಜ್ಜಿ ಉಜ್ಜಿ ಕಿಟಕಿಯಲ್ಲಿ ಸಾಲಾಗಿ ಇಡುತ್ತಾಳೆ.
ಮೊನ್ನೆ ಒಂದನ್ನು ಎತ್ತಿ ನೋಡಿದೆ.
ಬಲ್ಬು ಕಂಡಿತು, ತಂತಿ ಕಂಡಿತು,
ನನ್ನ ಮುಖವೂ.
ಬೋರಲು ಹಾಕಿ ಬಂದೆ.